ಗಿರಿಗಿಟ್ಲೆ: ಮಕ್ಕಳ ಕೈಗೊಂದು ಕಾಯಕ

ಜಾತ್ರೆ ಎಂದೊಡನೆ ಹಿರಿಯರಿಗೆ ತೇರು ನೆನಪಾದರೆ, ಮಕ್ಕಳಿಗೆ ನೆನಪಾಗುವುದು ಬೆಂಡು ಬತ್ತಾಸು ಮತ್ತು ಗಿರಿಗಿಟ್ಲೆ. ಕೊಪ್ಪಳದ ಗವಿಸಿದ್ಧೇಶ್ವರರ ಜಾತ್ರೆಯಾಗಲಿ, ಕೊಟ್ಟೂರೇಶ್ವರರ ತೇರಾಗಲಿ, ಶಿವರಾತ್ರಿಯ ಸಿದ್ಧಗಂಗೆಯಾಗಲಿ, ಜನಸಂದಣಿಯ ನಡುವೆ ಬಣ್ಣಬಣ್ಣದ ಗಿರಿಗಿಟ್ಲೆಗಳನ್ನು ಸಿಕ್ಕಿಸಿದ ಗಳವನ್ನು ಹೊತ್ತು ನಡೆಯುವವನ ಹಿಂದೆ ಮಕ್ಕಳ ಕಣ್ಣು ಹೋಗದೆ ಇರದು. ಮಗು ಹಟ ಹಿಡಿಯುತ್ತದೆ, ತಂದೆ ಕಾಸು ಕೊಡುತ್ತಾನೆ, ಮನೆ ಮುಟ್ಟುವುದರೊಳಗೆ ಅದು ಮುರಿಯುತ್ತದೆ. ಮುರಿದರೇನು, ಮತ್ತೊಂದು ಕೊಂಡರಾಯಿತು ಎಂಬ ಮಾತಿನಲ್ಲಿ ಆ ಕಥೆ ಮುಗಿಯುತ್ತದೆ. ಆ ವಸ್ತುವನ್ನು ಯಾರೋ ಒಬ್ಬರು ಕುಳಿತು ಮಾಡಿದ್ದಾರೆ ಎಂಬುದು ಮಗುವಿನ ಮನಸ್ಸಿಗೆ ಬರುವುದೇ ಇಲ್ಲ.

ನಮ್ಮ ಮನೆಗಳಲ್ಲಿ ಈ ಮಾತು ತುಸು ಯೋಚಿಸತಕ್ಕದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ತಮ್ಮ ಕೈಗೆಲಸವನ್ನು ಹೆಸರಿನೊಡನೆಯೇ ಹೊತ್ತು ಬಾಳಿದರು. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಿದೇವ, ದೋಣಿ ನಡೆಸಿದ ಅಂಬಿಗರ ಚೌಡಯ್ಯ ಇವರೆಲ್ಲ ಅನುಭವ ಮಂಟಪದ ಗಣ್ಯರು. ಅವರ ಹೆಸರುಗಳನ್ನು ನಮ್ಮ ಮಕ್ಕಳು ಬಸವ ಜಯಂತಿಯ ಭಾಷಣ ಸ್ಪರ್ಧೆಗಾಗಿ ಬಾಯಿಪಾಠ ಮಾಡುತ್ತಾರೆ, ಬಹುಮಾನವನ್ನೂ ಗೆಲ್ಲುತ್ತಾರೆ. ಆದರೆ ಒಂದು ಕಾಗದವನ್ನು ನೆಟ್ಟಗೆ ಮಡಿಸಲು, ಒಂದು ಗಂಟನ್ನು ಬಿಗಿಯಾಗಿ ಹಾಕಲು ಎಷ್ಟು ಮಕ್ಕಳಿಗೆ ಬರುತ್ತದೆ? ಕಾಯಕವೆಂಬ ಮಾತು ಬಾಯಲ್ಲಿ ಉಳಿದು ಕೈಗೆ ಇಳಿಯದಿದ್ದರೆ ಅದರಿಂದ ಪ್ರಯೋಜನವೇನು? ಕೈಗೆ ಇಳಿಸುವ ಅನೇಕ ದಾರಿಗಳಲ್ಲಿ ಅತ್ಯಂತ ಸುಲಭವಾದದ್ದು, ಮಕ್ಕಳಿಗೆ ಪ್ರಿಯವಾದದ್ದು, ಮನೆಯಲ್ಲೇ ಗಿರಿಗಿಟ್ಲೆ ಮಾಡುವುದು.

ಬೇಕಾಗುವ ಸಾಮಗ್ರಿ

ಇದಕ್ಕಾಗಿ ಅಂಗಡಿಗೆ ಹೋಗಬೇಕಾಗಿಲ್ಲ. ಆಯ್ದಕ್ಕಿ ಲಕ್ಕಮ್ಮನವರು ಅಗತ್ಯಕ್ಕಿಂತ ಹೆಚ್ಚಾಗಿ ಬಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಪತಿ ಮಾರಯ್ಯನವರಿಗೆ ಹೇಳಿದ ಪ್ರಸಂಗವನ್ನು ಮಕ್ಕಳಿಗೆ ಹೇಳಿ, ಮನೆಯಲ್ಲಿ ಇರುವುದರಲ್ಲೇ ಹುಡುಕಲು ಬಿಡಿರಿ. ಹಳೆಯ ಕ್ಯಾಲೆಂಡರಿನ ಹಾಳೆ, ತುಂಬಿದ ನೋಟುಪುಸ್ತಕದ ಹೊದಿಕೆ ಎರಡೂ ಉತ್ತಮ. ವೃತ್ತಪತ್ರಿಕೆಯ ಕಾಗದ ತೆಳುವಾಗಿ ಗಾಳಿಗೆ ಬಾಗುತ್ತದೆ. ಲಗ್ನಪತ್ರಿಕೆಯ ದಪ್ಪ ಕಾಗದ ಎಳೆಯ ಬೆರಳುಗಳಿಗೆ ಬಗ್ಗುವುದಿಲ್ಲ. ಗುರುಗಳ, ಶರಣರ ಭಾವಚಿತ್ರವಿರುವ ಹಾಳೆಯನ್ನು ಮಾತ್ರ ಕತ್ತರಿಸದೆ ತೆಗೆದಿರಿಸಬೇಕು. ತಿಥಿ ವಾರಗಳ ಹಾಳೆಗಳೇ ಬೇಕಾದಷ್ಟು ಇರುತ್ತವೆ.

ಹಿಡಿಯಲು ಒಂದು ಬಿದಿರ ಕಡ್ಡಿ ಅಥವಾ ಒಣಗಿದ ಜೋಳದ ದಂಟು, ಒಂದು ಗುಂಡುಸೂಜಿ, ಎರಡು ಸಣ್ಣ ಮಣಿಗಳು ಬೇಕು. ಮಣಿ ಇಲ್ಲದಿದ್ದರೆ ಜೋಳದ ದಂಟಿನೊಳಗಿನ ಬೆಂಡನ್ನು ಚಿಕ್ಕದಾಗಿ ಕತ್ತರಿಸಿ ಬಳಸಬಹುದು. ಹೊಲದ ಕೆಲಸದವರ ಮಕ್ಕಳು ಸೂಜಿಯ ಬದಲು ಜಾಲಿಯ ಮುಳ್ಳನ್ನೇ ಚುಚ್ಚಿ ಆಡಿದ್ದುಂಟು. ಪ್ಲಾಸ್ಟಿಕ್ ಕೊಳವೆಯನ್ನು ಹಿಡಿಯಾಗಿ ಬಳಸುವ ರೂಢಿ ನಡುವೆ ಬಂದಿತ್ತು. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಲಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳಲ್ಲಿ ಪಾನೀಯ ಹೀರುವ ಕೊಳವೆ, ಬಲೂನಿನ ಕಡ್ಡಿಗಳೂ ಸೇರಿವೆ. ದಂಟಾದರೆ ಆಟ ಮುಗಿದ ಮೇಲೆ ದನದ ಬಾಯಿಗೋ ತಿಪ್ಪೆಗೋ ಸೇರಿ ಮಣ್ಣಾಗುತ್ತದೆ. ಸೂಜಿಯನ್ನು ಮಾತ್ರ ಮರೆಯದೆ ಕಿತ್ತಿಡಬೇಕು.

ಮಾಡುವ ವಿಧಾನ

15 ಸೆಂಟಿಮೀಟರ್ ಅಂದರೆ ಸುಮಾರು ಆರು ಅಂಗುಲದ ಚೌಕವನ್ನು ಕತ್ತರಿಸಿಕೊಳ್ಳಿರಿ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಕೂಡುವ ಸ್ಥಳವೇ ಕೇಂದ್ರ. ಪ್ರತಿಯೊಂದು ಮೂಲೆಯಿಂದಲೂ ಗೆರೆಯ ಮೇಲೆ ಕೇಂದ್ರದ ಕಡೆಗೆ ಕತ್ತರಿಸುತ್ತ ಬಂದು, ಕೇಂದ್ರ ಇನ್ನೂ ಮೂರು ಸೆಂಟಿಮೀಟರ್ ದೂರವಿರುವಾಗಲೇ ನಿಲ್ಲಿಸಬೇಕು. ಈಗ ನಾಲ್ಕು ಮೂಲೆಗಳು ಎಂಟು ಮೊನೆಗಳಾಗುತ್ತವೆ. ಒಂದನ್ನು ಬಿಟ್ಟು ಒಂದರಂತೆ ನಾಲ್ಕು ಮೊನೆಗಳನ್ನು ಕೇಂದ್ರಕ್ಕೆ ಬಾಗಿಸಿ ತರಬೇಕು. ಬಾಗಿಸಬೇಕೇ ಹೊರತು ಒತ್ತಿ ಮಡಿಸಬಾರದು. ಗಾಳಿ ತುಂಬಲು ಅಲ್ಲಿ ಬೊಗಸೆಯಂತಹ ಜಾಗ ಬೇಕು.

ಗುಂಡುಸೂಜಿಗೆ ಮೊದಲು ಒಂದು ಮಣಿಯನ್ನು ಪೋಣಿಸಿ, ನಾಲ್ಕು ಮೊನೆಗಳನ್ನೂ ಹಿಂದಿನ ಕೇಂದ್ರವನ್ನೂ ಚುಚ್ಚಿ ಹೊರತೆಗೆಯಿರಿ. ಹಿಂಬದಿಗೆ ಇನ್ನೊಂದು ಮಣಿ ಹಾಕಿ ದಂಟಿಗೆ ಚುಚ್ಚಿರಿ. ಬಿದಿರ ಕಡ್ಡಿಯಾದರೆ ಹಿರಿಯರು ಮೊದಲೇ ತೂತು ಮಾಡಿಕೊಡಬೇಕು. ಸೂಜಿಯ ತುದಿ ಹಿಂದಕ್ಕೆ ಹೊರಬಂದರೆ ಅದನ್ನು ಇಕ್ಕಳದಿಂದ ಬಗ್ಗಿಸಿ ಒಂದು ಬೆಂಡಿನ ತುಂಡಿನಲ್ಲಿ ಮುಚ್ಚುವುದು ಹಿರಿಯರ ಕೆಲಸ. ತೀರ ಎಳೆಯ ಮಕ್ಕಳ ಕೈಗೆ ಸೂಜಿಯನ್ನಾಗಲಿ ಮಣಿಯನ್ನಾಗಲಿ ಕೊಡಕೂಡದು. ಅವರಿಗೆ ಬಣ್ಣ ಬಳಿಯುವ ಕೆಲಸ ಸಾಕು.

ತಿರುಗದಿದ್ದರೆ ಏನು ಮಾಡಬೇಕು?

ಮಕ್ಕಳು ಮೊದಲ ಸಲ ಮಾಡಿದ ಗಿರಿಗಿಟ್ಲೆ ಬಹುಮಟ್ಟಿಗೆ ತಿರುಗುವುದಿಲ್ಲ. ಆಗ ನಾವು ಹಿರಿಯರು ಸಹನೆ ತಪ್ಪಿ, ‘ಇತ್ತ ಕೊಡು, ನಾನು ಮಾಡುತ್ತೇನೆ’ ಎಂದು ಕಸಿದುಕೊಳ್ಳುತ್ತೇವೆ. ಅಲ್ಲಿಗೆ ಗಿರಿಗಿಟ್ಲೆ ತಿರುಗುತ್ತದೆ, ಮಗುವಿನ ಕಲಿಕೆ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಕೈಕಟ್ಟಿ ಕುಳಿತು, ‘ಯಾಕೆ ತಿರುಗುತ್ತಿಲ್ಲ, ನೋಡಪ್ಪಾ’, ‘ನೋಡವ್ವಾ’ ಎಂದು ಕೇಳುವುದೇ ನಿಜವಾದ ಉಪದೇಶ.

ಕಾರಣಗಳು ನಾಲ್ಕೇ. ಒಂದು, ಸೂಜಿ ಬಿಗಿಯಾಗಿದೆ; ಕಾಗದದ ತೂತು ಸೂಜಿಗಿಂತ ತುಸು ದೊಡ್ಡದಿರಬೇಕು. ಎರಡು, ತೂತು ಕೇಂದ್ರದಲ್ಲಿಲ್ಲ. ಗಾಳಿ ಇಲ್ಲದ ಕಡೆ ಹಿಡಿದು ಬೆರಳಿನಿಂದ ತಿರುಗಿಸಿ ಬಿಟ್ಟಾಗ ಪ್ರತಿಸಲವೂ ಅದೇ ರೆಕ್ಕೆ ಕೆಳಗೆ ಬಂದು ನಿಂತರೆ ಆ ಭಾಗ ಭಾರವಾಗಿದೆ ಎಂದರ್ಥ. ಮೂರು, ರೆಕ್ಕೆಗಳು ಒತ್ತಿ ಚಪ್ಪಟೆಯಾಗಿವೆ. ನಾಲ್ಕು, ಎಂಟು ಮೊನೆಗಳಲ್ಲಿ ಸರದಿ ತಪ್ಪಿದೆ. ಎರಡು ರೆಕ್ಕೆ ಬಲಕ್ಕೆ, ಎರಡು ಎಡಕ್ಕೆ ತಳ್ಳಿದರೆ ಚಕ್ರ ನಡುವೆ ತೊಳಲುತ್ತದೆ. ಈ ನಾಲ್ಕರಲ್ಲಿ ಯಾವುದೆಂದು ಮಗುವೇ ಕಂಡು ತಿದ್ದಬೇಕು. ತಪ್ಪಿದ್ದಕ್ಕೆ ಕಾರಣವುಂಟು, ಕಾರಣವನ್ನು ಹುಡುಕಬಹುದು, ಹುಡುಕಿದ್ದನ್ನು ತನ್ನ ಕೈಯಿಂದಲೇ ಸರಿಪಡಿಸಬಹುದು ಎಂಬ ವಿಶ್ವಾಸ ಒಮ್ಮೆ ಮೂಡಿದರೆ ಅದು ಲೆಕ್ಕದ ಪುಸ್ತಕಕ್ಕೂ ಮುಂದಿನ ಬಾಳಿಗೂ ಒದಗುತ್ತದೆ.

ಕಾನ್ಪುರದ ಐಐಟಿಯಲ್ಲಿ ಓದಿದ ಇಂಜಿನಿಯರ್ ಅರವಿಂದ ಗುಪ್ತಾ ಅವರು ಕಡ್ಡಿ, ಕಾಗದ, ಎಸೆದ ಡಬ್ಬಿಗಳಿಂದ ಆಟಿಕೆ ಮಾಡಿಸಿ ಮಕ್ಕಳಿಗೆ ವಿಜ್ಞಾನ ಕಲಿಸುವುದನ್ನೇ ತಮ್ಮ ಬದುಕಾಗಿಸಿಕೊಂಡರು. 2018ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಕಸದಿಂದ ರಸ ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಗಾಳಿ ಹೇಳುವ ಪಾಠ

ಚಕ್ರ ತಿರುಗತೊಡಗಿದ ಮೇಲೆ ಮಗು ತಾನಾಗಿಯೇ ಪ್ರಶ್ನೆ ಕೇಳುತ್ತದೆ. ಎದುರಿನಿಂದ ಬಂದ ಗಾಳಿ ರೆಕ್ಕೆಯ ಬಾಗಿಗೆ ತಾಗಿ ಪಕ್ಕಕ್ಕೆ ಸರಿಯುತ್ತದೆ. ಸರಿಯುವಾಗ ರೆಕ್ಕೆಯನ್ನು ಎದುರು ಪಕ್ಕಕ್ಕೆ ತಳ್ಳುತ್ತದೆ. ನಾಲ್ಕೂ ರೆಕ್ಕೆಗಳು ಒಂದೇ ಸುತ್ತಿನಲ್ಲಿ ತಳ್ಳಿಸಿಕೊಂಡಾಗ ಚಕ್ರ ಹೊರಳುತ್ತದೆ. ಒಂದು ರೆಕ್ಕೆಗೆ ಕುಂಕುಮದ ಬೊಟ್ಟಿಟ್ಟು ಸುತ್ತುಗಳನ್ನು ಎಣಿಸಲು ಹೇಳಬಹುದು. 10 ಸೆಂಟಿಮೀಟರಿನದೊಂದು, 20 ಸೆಂಟಿಮೀಟರಿನದೊಂದು ಮಾಡಿ, ಯಾವುದು ಬೇಗ ಸುತ್ತುತ್ತದೆ ಎಂದು ಹೋಲಿಸಬಹುದು. ಮಾಳಿಗೆಯ ಮೇಲೆ ನಿಂತು ಚಕ್ರವನ್ನು ಎತ್ತ ಹಿಡಿದರೆ ಜೋರಾಗಿ ತಿರುಗುತ್ತದೆಂದು ನೋಡಿದರೆ, ಮುಂಗಾರಿನ ಗಾಳಿ ಪಡುವಣ ದಿಕ್ಕಿನಿಂದ ಬರುತ್ತದೆ, ಹಿಂಗಾರಿನದು ಈಶಾನ್ಯದಿಂದ ಎಂಬ ಪಾಠವನ್ನು ಬಾಯಿಪಾಠ ಮಾಡಬೇಕಾದುದಿಲ್ಲ.

ಗದಗ ಸೀಮೆಯ ಕಪ್ಪತಗುಡ್ಡದ ಮೇಲೆ, ಚಿತ್ರದುರ್ಗದ ಬೆಟ್ಟಸಾಲಿನಲ್ಲಿ ನಿಂತಿರುವ ಎತ್ತರದ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ಕಂಡಾಗ ಅವು ಗಿರಿಗಿಟ್ಲೆಯ ಹಿರಿಯಣ್ಣಂದಿರೆಂದು ಹೇಳಿರಿ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ 1887ರಲ್ಲಿ ಗಾಳಿಚಕ್ರದಿಂದ ವಿದ್ಯುತ್ ಉತ್ಪಾದಿಸಿ ತನ್ನ ಮನೆಯ ದೀಪ ಬೆಳಗಿಸಿದರು. ಮಗುವಿನ ಕೈಯಲ್ಲಿ ತಿರುಗುವುದೂ, ಬೆಟ್ಟದ ಮೇಲೆ ತಿರುಗುವುದೂ ಒಂದೇ ತತ್ತ್ವದಿಂದ.

ನಮ್ಮ ಷಟ್‌ಸ್ಥಲ ಶಾಸ್ತ್ರದಲ್ಲಿ ವಾಯುತತ್ತ್ವವು ಪ್ರಾಣಲಿಂಗಿ ಸ್ಥಲಕ್ಕೂ ಜಂಗಮಲಿಂಗಕ್ಕೂ ಸಲ್ಲುತ್ತದೆ. ಅದನ್ನು ಅರಿಯುವ ಇಂದ್ರಿಯ ತ್ವಕ್ಕು, ಅದರ ವಿಷಯ ಸ್ಪರ್ಶ. ಗಾಳಿಗೆ ರೂಪವಿಲ್ಲ. ಕಣ್ಣಿಗೆ ಕಾಣದ್ದು ಇಲ್ಲವೆಂದಲ್ಲ, ಚಲನೆಯಲ್ಲಿ ಅದು ತನ್ನನ್ನು ತೋರಿಸಿಕೊಳ್ಳುತ್ತದೆ ಎಂಬುದನ್ನು ಹತ್ತು ವರ್ಷದ ಮಗುವಿಗೆ ಹೇಳಲು ಗಿರಿಗಿಟ್ಲೆಗಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು.

ಜಾತ್ರೆಯ ಕುಶಲಿಗನಿಗೆ ಗೌರವ

ಮನೆಯಲ್ಲಿ ಮಾಡಲು ಕಲಿತೆವೆಂದು ಜಾತ್ರೆಯಲ್ಲಿ ಕೊಳ್ಳುವುದನ್ನು ಬಿಡಬೇಕಾಗಿಲ್ಲ. ಒಂದು ಮುಂಜಾನೆಯೆಲ್ಲ ಕುಳಿತು ಒಂದೋ ಎರಡೋ ಮಾಡಿದ ಮಗುವಿಗೆ, ಗಳದ ತುಂಬ ಸಿಕ್ಕಿಸಿ ತಂದವನ ಶ್ರಮ ಈಗ ತಿಳಿಯುತ್ತದೆ. ಆ ಮಗು ಅವನೊಡನೆ ಚೌಕಾಸಿ ಮಾಡದು. ‘ಅಣ್ಣಾ, ಮಣಿಯನ್ನು ಹೇಗೆ ಕೂರಿಸಿದಿರಿ?’ ಎಂದು ಕೇಳುತ್ತದೆ. ಹೊಟ್ಟೆಪಾಡಿಗಾಗಿ ಬಿಸಿಲಲ್ಲಿ ನಡೆಯುವವನನ್ನು ಅವನ ಕೈಯ ಕುಶಲತೆಗಾಗಿ ಗೌರವಿಸಲು ಕಲಿತ ಮಗು ಶರಣಧರ್ಮದ ಮೊದಲ ಮೆಟ್ಟಿಲನ್ನು ಏರಿದಂತೆಯೇ ಸರಿ.

ನಮ್ಮ ಸೀಮೆಯ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳು ಮಣ್ಣು ಕಲಸಿ ಎತ್ತುಗಳನ್ನು ಮಾಡುವ ಪದ್ಧತಿ ಇದೆ. ಅದರ ಮರುದಿನವೇ ಆಷಾಢ ಹೊಕ್ಕು ಗಾಳಿ ಬೀಸತೊಡಗುತ್ತದೆ. ಎತ್ತು ಮಾಡಿದ ಆ ಕೈಗಳಿಗೆ ಈ ಸಲ ಒಂದು ಹಾಳೆ, ಒಂದು ದಂಟು ಕೊಟ್ಟು ನೋಡಿರಿ. ಅಜ್ಜ ಅಜ್ಜಿಯರು ಪಕ್ಕದಲ್ಲಿ ಕುಳಿತಿರಲಿ. ಕತ್ತರಿ ಮಾತ್ರ ಮಗುವಿನ ಕೈಯಲ್ಲೇ ಇರಲಿ.