ಈಜಿಪ್ಟಿನ ಮರದ ಮುಖವಾಡ: ನೋಡಿದ್ದೆಷ್ಟು, ಊಹಿಸಿದ್ದೆಷ್ಟು?

ಪ್ರಾಚೀನ ನಾಗರಿಕತೆಗಳ ಪಾಠದಲ್ಲಿ ಈಜಿಪ್ಟ್ ಬಂದೊಡನೆ ನಾವು ತೋರಿಸುವ ಚಿತ್ರ ಟುಟಂಖಾಮನ್‌ನ ಚಿನ್ನದ ಮುಖವಾಡ. ಸುಮಾರು 10 ಕಿ.ಗ್ರಾಂ ತೂಕದ ಅದು ದೊರೆಯ ಸಂಪತ್ತನ್ನು ಹೇಳುತ್ತದೆ. ಅಧಿಕಾರಿಗಳು, ಪುರೋಹಿತರು, ಅನುಕೂಲಸ್ಥ ಮನೆತನದವರು ಹೇಗೆ ಸಮಾಧಿಯಾಗುತ್ತಿದ್ದರು ಎಂಬುದಕ್ಕೆ ಮರದ ಮುಖಗಳನ್ನು ನೋಡಬೇಕು. ವಿಜ್ಞಾನ ಓದಿ ಬಿ.ಇಡ್.ಗೆ ಬಂದ ನನಗೆ ಇವು ವೀಕ್ಷಣೆ ಮತ್ತು ಅನುಮಾನದ ವ್ಯತ್ಯಾಸ ಕಲಿಸಲು ಒಳ್ಳೆಯ ಬೋಧನೋಪಕರಣವಾಗಿ ಕಂಡಿವೆ.

ಮೊದಲು ಪದದ ಅರ್ಥ ಸ್ಪಷ್ಟವಾಗಬೇಕು. ನಮ್ಮ ಮಾತಿನಲ್ಲಿ ‘ಮುಖವಾಡ ಹಾಕುವುದು’ ಎಂದರೆ ನಿಜವನ್ನು ಮರೆಮಾಚುವುದು. ಈಜಿಪ್ಟಿನವರ ಉದ್ದೇಶ ಇದಕ್ಕೆ ತದ್ವಿರುದ್ಧ. ಸತ್ತವರ ‘ಬಾ’ ಎಂಬ ಚೇತನ ಮನುಷ್ಯಮುಖದ ಹಕ್ಕಿಯಾಗಿ ಹೊರಗೆ ಸಂಚರಿಸಿ ಮತ್ತೆ ದೇಹಕ್ಕೆ ಮರಳುತ್ತದೆ ಎಂದು ಅವರು ನಂಬಿದ್ದರು. ಆದ್ದರಿಂದ ಕೆಡದ ಒಂದು ಮುಖ ಬೇಕಿತ್ತು.

ನೈಲ್ ಕಣಿವೆಯಲ್ಲಿ ದೊಡ್ಡ ಹಲಗೆ ಕೊಡುವ ಮರಗಳು ಕಡಿಮೆ. ಸಿರಿವಂತರು ಲೆಬನಾನ್‌ನಿಂದ ದೇವದಾರು ಜಾತಿಯ ಮರ ತರಿಸುತ್ತಿದ್ದರು. ಉಳಿದವರಿಗೆ ಸ್ಥಳೀಯ ಸಿಕಮೋರ್ ಅಂಜೂರ ಮತ್ತು ಜಾಲಿ. ಸಿಕಮೋರ್ ನಮ್ಮ ಅತ್ತಿಮರದ ಫೈಕಸ್ ಕುಲಕ್ಕೇ ಸೇರಿದ್ದು. ನಮ್ಮ ಕರಿಜಾಲಿಯ ‘ನೈಲೋಟಿಕಾ’ ಎಂಬ ಪ್ರಭೇದನಾಮ ಬಂದಿರುವುದೇ ನೈಲ್ ನದಿಯಿಂದ. ಸಣ್ಣ ಹಲಗೆಗಳನ್ನು ಜೋಡಿಸಿ ಶವಪೆಟ್ಟಿಗೆ ಮಾಡುತ್ತಿದ್ದರು; ಮುಖವನ್ನು ಬೇರೆಯಾಗಿ ಕೆತ್ತಿ ಮರದ ಗೂಟಗಳಿಂದ ಮುಚ್ಚಳಕ್ಕೆ ಕೂಡಿಸುತ್ತಿದ್ದರು. ಮೇಲೆ ಬಿಳಿ ಗಾರೆಯ ತೆಳು ಲೇಪ, ಅದರ ಮೇಲೆ ಬಣ್ಣ. ನೀಲಿಗೆ ಮರಳು, ಸುಣ್ಣ, ತಾಮ್ರದ ಸಂಯುಕ್ತವನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಿದ್ದರು.

ತರಗತಿಯಲ್ಲಿ ಮುಖದ ಮುಂಭಾಗದ ಜೊತೆಗೆ ಹಿಂಭಾಗದ ಚಿತ್ರವನ್ನೂ ಕೊಡಬೇಕು. ಹಿಂಬದಿಯಲ್ಲಿ ಗೂಟದ ರಂಧ್ರ ಕಾಣುತ್ತದೆ: ಇದು ವೀಕ್ಷಣೆ. ಇದು ಧರಿಸುವ ಮುಖವಾಡವಲ್ಲ, ಪೆಟ್ಟಿಗೆಯ ಭಾಗ: ಇದು ಅನುಮಾನ. ಗದ್ದದ ಕೆಳಗೆ ರಂಧ್ರವಿದ್ದರೆ ಅಲ್ಲಿ ಕೃತಕ ಗಡ್ಡ ಸಿಕ್ಕಿಸಿದ್ದಿರಬಹುದು. ಮುಖ ಎಳೆಯದಾಗಿರುವುದರಿಂದ ಸತ್ತವರು ಎಳೆಯರು ಎನ್ನಬಹುದೇ? ಇಲ್ಲ. ಈ ಮುಖಗಳು ಸಾಮಾನ್ಯವಾಗಿ ಆದರ್ಶ ರೂಪಗಳು, ಭಾವಚಿತ್ರಗಳಲ್ಲ. ಮಕ್ಕಳು ಎಡವುವ ಸಾಧ್ಯತೆ ಇಲ್ಲಿಯೇ ಹೆಚ್ಚು. ಚರ್ಚೆಗೆ ಹೆಚ್ಚು ಸಮಯ ಇಲ್ಲೇ ಇಡಬೇಕು.

ಸತ್ತವರ ಹೆಸರನ್ನು ಬರೆಯುತ್ತಿದ್ದದ್ದು ಪೆಟ್ಟಿಗೆಯ ಮೇಲೆ. ಪೆಟ್ಟಿಗೆಯಿಂದ ಕಿತ್ತ ಎಷ್ಟೋ ಮುಖಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಹೆಸರಿಲ್ಲದೆ ಉಳಿದಿವೆ. ಗುರುತು ಉಳಿಯಲೆಂದು ಮಾಡಿದ ಮುಖ ಯಾರದೆಂದು ಈಗ ಹೇಳಲಾಗದು. ಒಂದು ವಸ್ತುವನ್ನು ಅದರ ಸ್ಥಳದಿಂದ ಕಿತ್ತರೆ ಯಾವ ಮಾಹಿತಿ ನಷ್ಟವಾಗುತ್ತದೆ ಎಂಬ ಪ್ರಶ್ನೆಯನ್ನು ಪಾಠದ ಮೌಲ್ಯಮಾಪನಕ್ಕೆ ಇಟ್ಟುಕೊಳ್ಳಬಹುದು.