ಏಜೆಂಟರ ಬ್ಯಾಂಕಾಕ್ ಟೂರಿಗೆ ದುಡ್ಡು ಯಾರದು?

ಅನ್ನೂರು: ಮಾರ್ಚ್ ತಿಂಗಳ ಕೊನೆಯ ವಾರ ವಿಮೆ ಏಜೆಂಟರಿಗೆ ಊಟವೂ ಹೊತ್ತಿಗಿಲ್ಲ, ನಿದ್ದೆಯೂ ಹೊತ್ತಿಗಿಲ್ಲ. ಬೆಳಿಗ್ಗೆ ಒಬ್ಬರ ಮನೆ, ಸಂಜೆ ಇನ್ನೊಬ್ಬರ ತೋಟ. ಕೈಯಲ್ಲಿ ಪ್ರಪೋಸಲ್ ಫಾರ್ಮು, ಮೊಬೈಲಿನಲ್ಲಿ ಮೇಲಿನವರ ಫೋನು. "ಮಾಮಾ, ಇನ್ನೆರಡೇ ಪಾಲಿಸಿ ಕಮ್ಮಿ. ನೀವೊಂದು ಮಾಡಿಕೊಟ್ರೆ ಈ ಸಲ ಟೂರ್ ಗ್ಯಾರಂಟಿ" ಎಂಬ ಮಾತು ಕೇಳದ ಮನೆ ಕಡಿಮೆ. ಮಾಮನಿಗೂ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹುಡುಗ ನಮ್ಮವನು, ವಿಮಾನ ಹತ್ತಲಿ, ನಮಗೂ ಒಂದು ಉಳಿತಾಯ ಆಯಿತು ಅಂದುಕೊಂಡು ರುಜು ಹಾಕುತ್ತಾನೆ.

ಹುಡುಗ ವಿಮಾನ ಹತ್ತುವುದು ನಿಜ. ಆದರೆ ಆ ಟಿಕೆಟಿನ ದುಡ್ಡು ಯಾವ ಯಾವ ಜೇಬಿನಿಂದ ಹೋಯಿತು ಎಂಬ ಲೆಕ್ಕವನ್ನು ಮಾಮ ಹಾಕಿರುವುದಿಲ್ಲ. ಬಹಳ ಸಲ ಹುಡುಗನೂ ಹಾಕಿರುವುದಿಲ್ಲ.

ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ ಸುಮಾರು 30 ಕಿ.ಮೀ. ಬಂದರೆ ಅನ್ನೂರು. ಮೆಟ್ಟುಪಾಳಯಂ–ಅವಿನಾಶಿ ರಸ್ತೆ ಇಲ್ಲೇ ಅಡ್ಡ ಹಾಯುತ್ತದೆ. ಇದೇ ದಾರಿ ಮುಂದೆ ದಿಂಬಂ ಘಾಟಿಯ 27 ತಿರುವು ಹತ್ತಿ ಚಾಮರಾಜನಗರ ಸೇರುತ್ತದೆ. ಅನ್ನೂರು, ಕಾರಮಡೈ ಕಡೆಯ ಒಕ್ಕಲಿಗರ ಮನೆಗಳಲ್ಲಿ, ಸಿರುಮುಗೈ, ಕೊಯಮತ್ತೂರು ಕಡೆಯ ದೇವಾಂಗರ ಮನೆಗಳಲ್ಲಿ ಒಳಗಿನ ಮಾತು ಕನ್ನಡ. ಬೀದಿಯ ಮಾತು, ಶಾಲೆಯ ಓದು ತಮಿಳು. ವಿಮೆ ಬಾಂಡಿನ ಮಾತು ಮಾತ್ರ ಇಂಗ್ಲಿಷು. ಅದನ್ನು ಜಗಲಿಯ ಮೇಲೆ ಕೂತು ಮನೆಮಾತಿನಲ್ಲಿ ಬಿಡಿಸಿ ಹೇಳುವವನು ಏಜೆಂಟ. ಅವನೂ ಹೊರಗಿನವನಲ್ಲ, ತಂಗಿಯ ಮಗನೋ, ಬೀಗರ ಕಡೆಯವನೋ, ಜಾತ್ರೆಯಲ್ಲಿ ಜೊತೆಗೆ ನಿಂತವನೋ ಆಗಿರುತ್ತಾನೆ. ಆದ್ದರಿಂದಲೇ ಈ ಟೂರಿನ ವಿಚಾರ ಅವನೊಬ್ಬನ ಮನೆಗೆ ಸೇರಿದ್ದಲ್ಲ.

ಸಂಬಳವಿಲ್ಲದ ನೌಕರಿ

ಏಜೆಂಟ ಕಂಪನಿಯ ನೌಕರನಲ್ಲ. ಸಂಬಳ ಇಲ್ಲ, ಬಸ್ ಚಾರ್ಜು ಇಲ್ಲ. ಪರೀಕ್ಷೆ ಪಾಸು ಮಾಡಿ, ಕಂಪನಿಯಿಂದ ನೇಮಕ ಪತ್ರ ಪಡೆದು, ತನ್ನ ಸ್ಕೂಟರಿಗೆ ತಾನೇ ಪೆಟ್ರೋಲು ಹಾಕಿಸಿಕೊಂಡು ತಿರುಗಬೇಕು. ಕಾನೂನಿನ ಪ್ರಕಾರ ಒಬ್ಬ ಏಜೆಂಟ ಒಂದೇ ಜೀವ ವಿಮೆ ಕಂಪನಿಯ ಪಾಲಿಸಿ ಮಾರಬಹುದು. ಅದರ ಜೊತೆಗೆ ಸಾಮಾನ್ಯ ವಿಮೆಯ ಒಂದು, ಆರೋಗ್ಯ ವಿಮೆಯ ಒಂದು ಕಂಪನಿ ಇಟ್ಟುಕೊಳ್ಳಬಹುದು.

1956ರ ಸೆಪ್ಟೆಂಬರ್ 1ರಂದು 245 ಕಂಪನಿ, ಸೊಸೈಟಿಗಳನ್ನು ಒಟ್ಟುಗೂಡಿಸಿ ಎಲ್‌ಐಸಿ ಹುಟ್ಟಿದ ಮೇಲೆ ಹಳ್ಳಿಗಳಲ್ಲಿ ವಿಮೆ ಅಂದರೆ ಎಲ್‌ಐಸಿ ಎಂದೇ ಆಯಿತು. ಇಂದಿಗೂ ಅದರ ಏಜೆಂಟರ ಸಂಖ್ಯೆ 14 ಲಕ್ಷದ ಆಸುಪಾಸಿನಲ್ಲಿದೆ. 2000ದಲ್ಲಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ ಮೇಲೆ ಪೈಪೋಟಿ ಬಂತು. ಪೈಪೋಟಿಯ ಜೊತೆಗೆ ಕಾಂಟೆಸ್ಟುಗಳು ಬಂದವು. ಮೂರು ತಿಂಗಳಲ್ಲಿ ಇಷ್ಟು ಪ್ರೀಮಿಯಂ ತಂದವರಿಗೆ ಗೋವಾ, ಇಷ್ಟು ತಂದವರಿಗೆ ಬ್ಯಾಂಕಾಕ್, ಇನ್ನೂ ಹೆಚ್ಚಿಗೆ ತಂದವರಿಗೆ ಜೋಡಿಯಾಗಿ ದುಬೈ.

ಎಲ್‌ಐಸಿಯಲ್ಲಿ ಇದರ ದಾರಿ ಸ್ವಲ್ಪ ಬೇರೆ. ಅಲ್ಲಿ ಕ್ಲಬ್ಬುಗಳ ಮೆಟ್ಟಿಲು ಇದೆ. ಬ್ರಾಂಚ್ ಮ್ಯಾನೇಜರ್ ಕ್ಲಬ್ಬಿನಿಂದ ಹಿಡಿದು ಡಿವಿಜನಲ್, ಜೋನಲ್, ಚೇರ್ಮನ್ ಕ್ಲಬ್ಬಿನವರೆಗೆ ಹತ್ತಬಹುದು. ಒಂದು ವರ್ಷದ ಹೊಸ ಪಾಲಿಸಿ ಮಾತ್ರವಲ್ಲ, ಹಿಂದೆ ಮಾಡಿಸಿದ್ದು ಬದುಕಿದೆಯೇ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ವಿಸಿಟಿಂಗ್ ಕಾರ್ಡಿನಲ್ಲಿ ಕಾಣುವ ಎಂ.ಡಿ.ಆರ್.ಟಿ. ಎಂಬ ನಾಲ್ಕಕ್ಷರ ಇನ್ನೊಂದು ಬಗೆಯದು. ಮಿಲಿಯನ್ ಡಾಲರ್ ರೌಂಡ್ ಟೇಬಲ್ ಎಂಬ ಈ ಸಂಘ 1927ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ 32 ಮಂದಿಯಿಂದ ಶುರುವಾಯಿತು. ವರ್ಷದ ಕಮಿಷನ್ನೋ ಪ್ರೀಮಿಯಮ್ಮೋ ಗೊತ್ತಾದ ಮೊತ್ತ ದಾಟಿದವರು ಫೀ ಕಟ್ಟಿ ಸದಸ್ಯರಾಗಬೇಕು, ಪ್ರತಿ ವರ್ಷ ಮತ್ತೆ ಗೆಲ್ಲಬೇಕು. 2024ರ ವಾರ್ಷಿಕ ಸಭೆ ಕೆನಡಾದ ವ್ಯಾಂಕೂವರಿನಲ್ಲಿ ನಡೆಯಿತು. ಈ ಬಿರುದು ಏಜೆಂಟ ಎಷ್ಟು ಮಾರಿದ ಎಂದು ಹೇಳುತ್ತದೆ. ಅದರಲ್ಲಿ ಎಷ್ಟು ಪಾಲಿಸಿ ಐದು ವರ್ಷ ಉಳಿದವು ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದವರು ಸಿಕ್ಕಲಿಕ್ಕಿಲ್ಲ.

ಟೂರಿನ ಆಸೆಯನ್ನು ನಗೆಯಾಡುವುದು ಸುಲಭ. ಆದರೆ ಅಪ್ಪ ಪಳನಿ ಬಿಟ್ಟು ಆಚೆ ಹೋಗದ ಮನೆಯಲ್ಲಿ, ಹೆಂಡತಿಗೆ ಮೊದಲ ಸಲ ಪಾಸ್‌ಪೋರ್ಟು ಆಗುವುದು ಸಣ್ಣ ಮಾತಲ್ಲ. ಅದೇ ಮೊತ್ತವನ್ನು ನಗದು ಕೊಟ್ಟರೆ ಚೀಟಿ ಕಟ್ಟಲು, ಮಕ್ಕಳ ಫೀಸಿಗೆ ಕರಗಿ ಹೋಗುತ್ತದೆ. ಹಡಗಿನ ಮುಂದೆ ನಿಂತ ಫೋಟೋ ಗೋಡೆಯ ಮೇಲೆ ಉಳಿಯುತ್ತದೆ, ಮನೆಗೆ ಬಂದವರು ಕೇಳುತ್ತಾರೆ, ಹೊಸ ಗಿರಾಕಿ ಹುಟ್ಟುತ್ತಾರೆ. ಕಂಪನಿಯವರಿಗೂ ಇದು ಚೆನ್ನಾಗಿ ಗೊತ್ತು.

ಮಾರ್ಚಿನ ಲೆಕ್ಕ

ಈಗ ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಗುರಿ ಮುಟ್ಟಲು ಒಬ್ಬ ಏಜೆಂಟನಿಗೆ ಇನ್ನೂ 1 ಲಕ್ಷ ರೂಪಾಯಿ ಪ್ರೀಮಿಯಂ ಕಮ್ಮಿ ಬಿದ್ದಿದೆ ಅನ್ನಿ. ಮಾರ್ಚ್ 28. ಇಬ್ಬರು ನೆಂಟರು "ಪಾಲಿಸಿ ಮಾಡಿಸ್ತೀವಿ, ಮೊದಲ ಕಂತು ನೀನೇ ಕಟ್ಟು" ಅಂದರು. ಏಜೆಂಟ ಒಡವೆ ಅಡವಿಟ್ಟು 1 ಲಕ್ಷ ಕಟ್ಟಿದ. ಎಲ್‌ಐಸಿ 2024ರ ಅಕ್ಟೋಬರಿನಲ್ಲಿ ಮೊದಲ ವರ್ಷದ ಕಮಿಷನ್ನನ್ನು ಶೇ. 35ರಿಂದ ಶೇ. 28ಕ್ಕೆ ಇಳಿಸಿ, ನಂತರದ ವರ್ಷಗಳದನ್ನು ಶೇ. 5ರಿಂದ ಶೇ. 7.5ಕ್ಕೆ ಏರಿಸಿತ್ತು. ಆ ದರ ಹಿಡಿದರೆ ಕೈಗೆ ವಾಪಸು ಬರುವುದು 28,000. ಜೇಬಿನಿಂದ ಹೋದದ್ದು 72,000.

ಟೂರಿನ ಬೆಲೆ 80,000 ಎಂದು ಹಿಡಿಯಿರಿ. ಅದರ ಮೇಲೆ ಶೇ. 10 ತೆರಿಗೆ, 8,000. ಎರಡನ್ನೂ ಕೂಡಿಸಿದರೆ 80,000. ಅಲ್ಲಿಗೆ ಬ್ಯಾಂಕಾಕಿಗೆ ಸ್ವಂತ ದುಡ್ಡಿನಲ್ಲೇ ಹೋದಂತಾಯಿತು. ಯಾವ ದಿನ ಹೊರಡಬೇಕು, ಯಾವ ಹೋಟೆಲಿನಲ್ಲಿ ಉಳಿಯಬೇಕು ಎಂಬುದನ್ನು ಮಾತ್ರ ಕಂಪನಿ ತೀರ್ಮಾನಿಸಿತು. ಅಡವಿನ ಬಡ್ಡಿ ಇದರಲ್ಲಿ ಸೇರಿಲ್ಲ. ಮುಂದಿನ ವರ್ಷ ನೆಂಟರು ಕಂತು ಕಟ್ಟದಿದ್ದರೆ ಶೇ. 7.5ರ ಲೆಕ್ಕದಲ್ಲಿ ಬರಬೇಕಾದ 7,500ವೂ ಇಲ್ಲ. ಏಜೆಂಟನ ನಿಜವಾದ ಬದುಕು ನಡೆಯುವುದು ಈ ಹಳೆ ಕಂತುಗಳ ಕಮಿಷನ್ನಿನಿಂದ. ಹತ್ತು ವರ್ಷ ನಿಧಾನಕ್ಕೆ ಕೆಲಸ ಮಾಡಿದವರ ಮನೆ ಅದರ ಮೇಲೆ ನಿಂತಿದೆ.

ಕಾನೂನಿನ ಮಾತು ಬೇರೆಯೇ ಇದೆ. 1938ರ ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಕಮಿಷನ್ನಿನಲ್ಲಿ ಪಾಲು ಕೊಡುವುದು, ಪ್ರೀಮಿಯಂ ಬಿಟ್ಟುಕೊಡುವುದು ಅಪರಾಧ. ಕೊಡುವವನು ಮಾತ್ರವಲ್ಲ, ತೆಗೆದುಕೊಳ್ಳುವ ಗಿರಾಕಿಯೂ ತಪ್ಪಿತಸ್ಥನೇ. 2015ರ ತಿದ್ದುಪಡಿಯ ನಂತರ ದಂಡ 10 ಲಕ್ಷ ರೂಪಾಯಿವರೆಗೂ ಹೋಗಬಹುದು. ಈ ಕಲಮು ಪ್ರತಿಯೊಂದು ಪ್ರಪೋಸಲ್ ಫಾರ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಇಂಗ್ಲಿಷಿನಲ್ಲಿ.

ಬಹುಮಾನಗಳಿಗೆ ಒಂದು ಕಾಲದಲ್ಲಿ ಪ್ರತ್ಯೇಕ ಮಿತಿಯೂ ಇತ್ತು. ವಿಮಾ ನಿಯಂತ್ರಣ ಪ್ರಾಧಿಕಾರದ 2016ರ ನಿಯಮದಂತೆ ಜೀವ ವಿಮೆ ಏಜೆಂಟನಿಗೆ ಕೊಡುವ ಬಹುಮಾನ ಮೊದಲ ವರ್ಷದ ಕಮಿಷನ್ನಿನ ಶೇ. 20 ದಾಟಬಾರದಿತ್ತು. 2023ರ ಏಪ್ರಿಲ್ 1ರಿಂದ ಆ ಪ್ರತ್ಯೇಕ ಮಿತಿ ಹೋಗಿ, ಕಂಪನಿಯ ಒಟ್ಟು ಖರ್ಚಿನ ಮಿತಿಯೊಳಗೆ ಅವರ ಆಡಳಿತ ಮಂಡಳಿಯೇ ತೀರ್ಮಾನಿಸುವ ಪದ್ಧತಿ ಬಂತು. ಹೀಗಾಗಿ ಟೂರುಗಳಿಗೆ ಲಗಾಮು ಸಡಿಲವಾಯಿತು ಎನ್ನಬಹುದು.

ತೆರಿಗೆಯವರ ಟೂರು

ಏಜೆಂಟರಲ್ಲಿ ಹಲವರಿಗೆ ಗೊತ್ತಿಲ್ಲದ ಅಥವಾ ಗೊತ್ತಾದಾಗ ತಡವಾಗಿರುವ ವಿಚಾರ ತೆರಿಗೆ. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಕಲಮು, ವ್ಯವಹಾರದಲ್ಲಿ ಸಿಗುವ ಲಾಭ, ಸವಲತ್ತುಗಳ ಬೆಲೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ. 10 ತೆರಿಗೆ ಮುರಿಯಬೇಕು ಎಂದಿತು. ಗುರಿ ಮುಟ್ಟಿದವರಿಗೂ ಅವರ ಸಂಬಂಧಿಕರಿಗೂ ಕೊಡುವ ಪ್ರವಾಸ ಇದಕ್ಕೆ ಉದಾಹರಣೆ ಎಂದು ನೇರ ತೆರಿಗೆ ಮಂಡಳಿ 2022ರ ಜೂನ್ 16ರ ಸುತ್ತೋಲೆಯಲ್ಲಿ ಬಿಡಿಸಿ ಹೇಳಿದೆ. ಟೂರಿಗೆ "ತರಬೇತಿ" ಎಂಬ ಹೆಸರಿಟ್ಟರೆ ಪಾರಾಗಬಹುದೇ? ಸುತ್ತೋಲೆ ಅದಕ್ಕೂ ಉತ್ತರ ಕೊಟ್ಟಿದೆ. ಸಭೆಯ ಜೊತೆ ಸೇರಿಸಿದ ವಿಹಾರದ ಭಾಗಕ್ಕೆ, ಜೊತೆಗೆ ಬಂದ ಮನೆಯವರ ಖರ್ಚಿಗೆ, ಸಭೆಯ ಆಚೀಚೆ ಹೆಚ್ಚಿಗೆ ಉಳಿದ ದಿನಗಳಿಗೆ ವಿನಾಯಿತಿ ಇಲ್ಲ.

ಟೂರಿನಲ್ಲಿ ಕೈಗೆ ನಗದು ಬರುವುದಿಲ್ಲ, ಮುರಿಯುವುದು ಎಲ್ಲಿಂದ? ಆಗ ಟೂರು ಕೊಡುವ ಮೊದಲು ತೆರಿಗೆ ಕಟ್ಟಿದ್ದಾರೆಂದು ಕಂಪನಿ ಖಾತ್ರಿ ಮಾಡಿಕೊಳ್ಳಬೇಕು. ಕೆಲವೆಡೆ ಕಂಪನಿಯೇ ಹೊರುತ್ತದೆ, ಕೆಲವೆಡೆ ಏಜೆಂಟನ ತಲೆಗೆ ಬರುತ್ತದೆ. ಗಂಡ ಹೆಂಡತಿ ಹೋದ 2 ಲಕ್ಷದ ಟೂರಾದರೆ 20,000. ಜೊತೆಗೆ ಆ 2 ಲಕ್ಷವೂ ವರ್ಷದ ಆದಾಯ ಎಂದೇ ಲೆಕ್ಕಕ್ಕೆ ಸೇರುತ್ತದೆ.

ಇಲ್ಲೊಂದು ಸಮಾಧಾನವೂ ಇದೆ. 2025–26ರ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಸಣ್ಣ ಊರಿನ ಏಜೆಂಟರಲ್ಲಿ ಹೆಚ್ಚಿನವರು ಈ ಮಿತಿಯೊಳಗೇ ಇರುತ್ತಾರೆ. ರಿಟರ್ನ್ ಸಲ್ಲಿಸಿದರೆ ಮುರಿದ ದುಡ್ಡು ವಾಪಸು ಬರುತ್ತದೆ. ಸಲ್ಲಿಸದಿದ್ದರೆ ಅದು ಸರಕಾರಕ್ಕೆ ಕೊಟ್ಟ ಕಾಣಿಕೆ.

ಮಾಮನ ಪಾಲು

ಏಜೆಂಟ ತನ್ನ ಜೇಬಿನಿಂದ ಕಟ್ಟಲಿಲ್ಲ, ಮಾಮನೇ ಕಟ್ಟಿದ ಅನ್ನಿ. ವರ್ಷಕ್ಕೆ 50,000ದ ಕಂತು. ಈ ಸೀಮೆಯ ಬೇಸಾಯ ಮಳೆ, ಬೋರ್‌ವೆಲ್ ನಂಬಿದ್ದು. 2024ರ ಆಗಸ್ಟ್ 17ರಂದು ಅತ್ತಿಕಡವು–ಅವಿನಾಶಿ ಯೋಜನೆ ಉದ್ಘಾಟನೆಯಾಗಿ ಕೆರೆಗಳಿಗೆ ಭವಾನಿ ನೀರು ಹರಿಸುವ ವ್ಯವಸ್ಥೆ ಬಂದಿದೆ, ಅದು ಸಂತೋಷದ ಮಾತು. ಆದರೂ ಬೆಳೆಯ ದುಡ್ಡು ಬರುವ ತಿಂಗಳು ಬೇರೆ, ಕಂತು ಕೇಳುವ ಮಾರ್ಚ್ ತಿಂಗಳು ಬೇರೆ. ಎರಡನೇ ವರ್ಷ ಕೈ ಕಟ್ಟಿತು, ಪಾಲಿಸಿ ಲ್ಯಾಪ್ಸ್ ಆಯಿತು. ಹಿಂದೆಲ್ಲ ಒಂದೇ ವರ್ಷ ಕಟ್ಟಿ ಬಿಟ್ಟರೆ ಸಾಮಾನ್ಯವಾಗಿ ಬಿಡಿಗಾಸೂ ಬರುತ್ತಿರಲಿಲ್ಲ. 2024ರ ಅಕ್ಟೋಬರ್ 1ರಿಂದ ಪೂರ್ತಿ ಒಂದು ವರ್ಷದ ಕಂತು ಕಟ್ಟಿದವರಿಗೂ ಸರೆಂಡರ್ ಮೌಲ್ಯ ಕೊಡಬೇಕೆಂಬ ನಿಯಮ ಬಂದಿದೆ. ಅದು ಕಟ್ಟಿದ್ದಕ್ಕಿಂತ ಕಡಿಮೆಯೇ. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಮನೆಯ ಯಜಮಾನನಿಗೆ ಏನಾದರೂ ಆದ ದಿನ ಪಾಲಿಸಿ ಜೀವಂತ ಇರುವುದಿಲ್ಲ.

ಬಹುಮಾನವನ್ನು ಬೇರೆ ರೀತಿಯಲ್ಲೂ ಕಟ್ಟಬಹುದು ಎನ್ನುವುದಕ್ಕೆ ಎಲ್‌ಐಸಿಯ ಬಿಮಾ ಸಖಿ ಯೋಜನೆ ಕೈಗೆ ಸಿಗುವ ಉದಾಹರಣೆ. 2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಹತ್ತನೇ ತರಗತಿ ಓದಿದ ಹೆಂಗಸರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಭತ್ಯೆ. ಎರಡನೇ ವರ್ಷದ ಭತ್ಯೆ ಬೇಕಾದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಶೇ. 65 ಜೀವಂತ ಇರಬೇಕು. ಟೂರಿಗೂ ಇಂಥದ್ದೊಂದು ಷರತ್ತು ಹಾಕಿದ್ದರೆ ಮಾರ್ಚಿನ ಓಡಾಟ ಅರ್ಧ ನಿಲ್ಲುತ್ತಿತ್ತು. ಹಾಗೆಂದು ಬಿಮಾ ಸಖಿಯೂ ಸುಲಭದ ದಾರಿಯಲ್ಲ. ವರ್ಷಕ್ಕೆ 24 ಪಾಲಿಸಿ ಮಾಡಿಸಬೇಕು. ಮೊದಲ ವರ್ಷ ತವರು ಮನೆ, ಗಂಡನ ಮನೆ ಮುಗಿಯುತ್ತದೆ. ಆಮೇಲೆ ಯಾರ ಬಾಗಿಲು ತಟ್ಟುವುದು?

ಮಾಮ ಕೇಳಬೇಕಾದದ್ದು ಹೆಚ್ಚೇನಿಲ್ಲ. ಎಷ್ಟು ವರ್ಷ ಕಟ್ಟಬೇಕು, ನಡುವೆ ಬಿಟ್ಟರೆ ಎಷ್ಟು ಬರುತ್ತದೆ, ಸತ್ತರೆ ಎಷ್ಟು ಬರುತ್ತದೆ. ಈ ಮೂರಕ್ಕೆ ಉತ್ತರವನ್ನು ಏಜೆಂಟ ಕಾಗದದ ಮೇಲೆ ಬರೆದು ಕೊಡಲಿ, ಕನ್ನಡದಲ್ಲೋ ತಮಿಳಿನಲ್ಲೋ. ಇನ್ನೊಂದನ್ನೂ ನೋಡಿಕೊಳ್ಳಬೇಕು. ಫಾರ್ಮಿನ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ಸಹಿ ಮಾಡಿದರೆ, ಹೆಬ್ಬೆಟ್ಟು ಒತ್ತಿದರೆ, "ಇವರಿಗೆ ಓದಿ ವಿವರಿಸಿದ್ದೇನೆ" ಎಂದು ಮತ್ತೊಬ್ಬರು ಸಹಿ ಹಾಕುವ ಜಾಗ ಫಾರ್ಮಿನ ಕೊನೆಗೆ ಇರುತ್ತದೆ. ಅಲ್ಲಿ ಸಹಿ ಬೀಳುವ ಮುನ್ನ ವಿವರಣೆ ನಿಜಕ್ಕೂ ಆಗಿರಬೇಕು. ಮುಂದೆ ತಕರಾರು ಬಂದರೆ ಮೊದಲು ತೆಗೆದು ತೋರಿಸುವುದು ಆ ಸಾಲನ್ನೇ.

ಮುಲಾಜಿಗೆ ಬಿದ್ದು ರುಜು ಹಾಕಿದವರಿಗೂ ದಾರಿ ಇದೆ. ಬಾಂಡು ಕೈಗೆ ಬಂದ 30 ದಿನದೊಳಗೆ ಬೇಡವೆಂದು ಬರೆದು ಕೊಟ್ಟರೆ ಅಲ್ಪಸ್ವಲ್ಪ ಖರ್ಚು ಮುರಿದುಕೊಂಡು ದುಡ್ಡು ವಾಪಸು ಕೊಡಬೇಕು. ಮೊದಲು 15 ದಿನ ಇದ್ದದ್ದನ್ನು 2024ರಲ್ಲಿ 30 ಮಾಡಿದರು. ತಂಗಿಯ ಮಗನ ಮೂಲಕವೇ ಕೊಡಬೇಕೆಂದಿಲ್ಲ, ನೇರ ಬ್ರಾಂಚಿಗೆ ಕೊಟ್ಟು ಸ್ವೀಕೃತಿ ಪಡೆಯಬಹುದು. ಕಂಪನಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ ತಮಿಳುನಾಡಿನವರು ಚೆನ್ನೈಯ ವಿಮಾ ಓಂಬುಡ್ಸ್‌ಮನ್‌ಗೆ, ಗಡಿಯೀಚೆ ಕರ್ನಾಟಕದವರು ಬೆಂಗಳೂರಿನ ಕಚೇರಿಗೆ ಬರೆಯಬಹುದು. ಫೀ ಇಲ್ಲ, ವಕೀಲರೂ ಬೇಕಿಲ್ಲ. ಬಾಂಡು ಬಂದ ಅಂಚೆ ಲಕೋಟೆಯನ್ನು ಬಿಸಾಡಬೇಡಿ, 30 ದಿನದ ಲೆಕ್ಕಕ್ಕೆ ಅದರ ಮೇಲಿನ ತಾರೀಖು ಬೇಕಾಗುತ್ತದೆ.