ಗ್ರಂಥಾಲಯಕ್ಕೆ ನಾಟಕಕಾರರು ಬಂದಾಗ

ಹೊಸ ಕೃತಿಯೊಂದನ್ನು ಕುರಿತು ಅದರ ಕರ್ತೃವೇ ಗ್ರಂಥಾಲಯದಲ್ಲಿ ಓದುಗರೆದುರು ಕುಳಿತು ಮಾತನಾಡುವುದು ಬಹು ಒಳ್ಳೆಯ ರೂಢಿ. ಆದರೆ ಅಂತಹ ಸಭೆಗಳಲ್ಲಿ ಹಾರ, ಶಾಲು, ಫಲತಾಂಬೂಲಗಳಿಗೆ ಸಲ್ಲುವಷ್ಟು ಹೊತ್ತು ಕೃತಿಗೆ ಸಲ್ಲುವುದಿಲ್ಲವೆಂಬುದು ನಾವು ಕಂಡುಕೊಂಡ ಸಂಗತಿ. ಪ್ರಶ್ನೆ ಕೇಳಲು ಎದ್ದವರೂ ಪ್ರಶಸ್ತಿಯ ವಿಚಾರ ಕೇಳುವರೇ ಹೊರತು ಪುಟದ ವಿಚಾರವನ್ನಲ್ಲ.

ಡಾ. ಚಂದ್ರಶೇಖರ ಕಂಬಾರರಂತಹವರ ಕೃತಿಗಳ ವಿಷಯದಲ್ಲಿ ಇದು ದೊಡ್ಡ ನಷ್ಟ. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿದ ಇವರು ಬಡತನದ ಕಾರಣ ಶಾಲೆ ಬಿಡಬೇಕಾಗಿ ಬಂದಾಗ, ಪ್ರೌಢಶಾಲೆಯ ವೆಚ್ಚವನ್ನು ಹೊತ್ತವರು ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಮಹಾಸ್ವಾಮಿಗಳು. ಶ್ರೀಗಳು ಅಂದು ಹುಡುಗನ ಜಾತಿ ಕೇಳಲಿಲ್ಲ, ಹಸಿವನ್ನು ನೋಡಿದರು. ಅದೇ ಹುಡುಗ ಮುಂದೆ ‘ಜೋಕುಮಾರಸ್ವಾಮಿ’, ‘ಸಿರಿಸಂಪಿಗೆ’ ನಾಟಕಗಳನ್ನೂ ‘ಕರಿಮಾಯಿ’, ‘ಸಿಂಗಾರೆವ್ವ ಮತ್ತು ಅರಮನೆ’, ‘ಶಿಖರಸೂರ್ಯ’ ಕಾದಂಬರಿಗಳನ್ನೂ ಬರೆದು 2010ರ ಜ್ಞಾನಪೀಠಕ್ಕೆ ಪಾತ್ರರಾದರು.

ಕಂಬಾರರ ಭಾಷೆ ಕಣ್ಣಿಗಿಂತ ಮೊದಲು ಕಿವಿಗೆ ಸೇರಿದ್ದು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಹಾಡುತ್ತ ಮನೆಮನೆಗೆ ಬರುವ ಹೆಣ್ಣುಮಕ್ಕಳನ್ನು ಕಂಡ ತಾಯಂದಿರಿಗೆ ಆ ನಾಟಕವನ್ನು ಯಾರೂ ವಿವರಿಸಬೇಕಿಲ್ಲ. ಬಯಲಾಟದ ಮೇಳವೂ ಹಾಡೂ ಅದರಲ್ಲಿ ಹಾಸುಹೊಕ್ಕಾಗಿವೆ. ಆದ್ದರಿಂದ ಇಂತಹ ಲೇಖಕರು ಬಂದಾಗ ಭಾಷಣಕ್ಕಿಂತ ಒಂದು ದೃಶ್ಯದ ಗಟ್ಟಿವಾಚನವೇ ಮೇಲು. ಮೌನವಾಗಿ ಓದಿದಾಗ ಒರಟೆನಿಸಿದ ಮಾತು ದನಿಯಲ್ಲಿ ಕೇಳಿದಾಗ ಬೇರೆಯೇ ಆಗುತ್ತದೆ.

ಇದನ್ನು ಇಲ್ಲಿ ಪ್ರಸ್ತಾಪಿಸಲು ಇನ್ನೊಂದು ಕಾರಣವುಂಟು. ಕಂಬಾರರು 2011ರ ‘ಶಿವರಾತ್ರಿ’ ನಾಟಕದಲ್ಲಿ ಕಲ್ಯಾಣದ ಕಡೆಗೆ ತಿರುಗಿದರು. ಅದಕ್ಕೆ ಮೊದಲೇ ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಬಂದಿದ್ದವು. ಹನ್ನೆರಡನೆಯ ಶತಮಾನ ಒಂದೇ. ಅದನ್ನು ನೋಡಿದ ಕಣ್ಣುಗಳು ನಾಲ್ಕು ಬಗೆಯವು. ಪೂಜೆಯಲ್ಲಿ ಕಾಣುವ ಬಸವಣ್ಣನವರು ಬೇರೆ, ರಂಗದ ಮೇಲೆ ಸಂದೇಹ ಸಂಕಟಗಳ ನಡುವೆ ನಿಲ್ಲುವ ಬಸವಣ್ಣನವರು ಬೇರೆ ಎನಿಸಿ ನಮ್ಮ ಜನರ ಮನಸ್ಸು ನೋಯುವುದುಂಟು. ಆ ನೋವನ್ನು ಹಗುರವಾಗಿ ಕಾಣಲಾಗದು. ಆದರೆ ಪಠ್ಯವಾಗಿದ್ದ ‘ಮಹಾಚೈತ್ರ’ದ ಮೇಲೆ 1990ರ ದಶಕದಲ್ಲಿ ಗದ್ದಲವೆದ್ದಾಗ, ಕೋಪಗೊಂಡವರಲ್ಲಿ ಹಲವರನ್ನು ನಾವು ‘ಕಡೆಯವರೆಗೆ ಓದಿದಿರಾ?’ ಎಂದು ಕೇಳಿದ್ದೆವು. ಹೌದೆಂದವರು ಬಹು ವಿರಳ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳೆದುರು ಪ್ರಶ್ನೆಗಳಿಗೆ ಬರವಿರಲಿಲ್ಲವಷ್ಟೆ! ಆ ಪರಂಪರೆಯವರು ಓದದೆಯೇ ತೀರ್ಪು ಕೊಡುವುದು ನಮಗೆ ಒಪ್ಪಿಗೆಯಾಗದು. ಓದಿದ ಬಳಿಕ ಖಂಡಿಸಲಿ, ಲೇಖಕರ ಮುಖದೆದುರೇ ಖಂಡಿಸಲಿ. ಅದಕ್ಕೆ ಗ್ರಂಥಾಲಯಕ್ಕಿಂತ ತಕ್ಕ ಸ್ಥಳ ಯಾವುದು?

ನಾಟಕವೆಂದರೆ ಮಠಗಳಿಗೆ ಹೊರಗಿನದೆಂಬ ಭಾವನೆಯೂ ಇಂದು ಉಳಿದಿಲ್ಲ. ಸಾಣೇಹಳ್ಳಿಯ ಶ್ರೀಮಠವು 1997ರಲ್ಲಿ ‘ಶಿವಸಂಚಾರ’ವನ್ನು ಕಟ್ಟಿ ರಂಗಭೂಮಿಯನ್ನು ಊರೂರಿಗೆ ಒಯ್ದಿತು. ಊರಿನ ಗ್ರಂಥಾಲಯವಾದರೂ ಪರರದಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೇರೆಗೆ ನಾವು ತೆರಿಗೆಯೊಡನೆ ಕಟ್ಟುವ ಕರದಿಂದಲೇ ಅದು ನಡೆಯುತ್ತದೆ. ಲೇಖಕರು ಬರುವ ತಿಂಗಳ ಮುಂಚೆಯೇ ನಾಲ್ಕಾರು ಪ್ರತಿಗಳನ್ನು ತರಿಸಿ ಮನೆಯಿಂದ ಮನೆಗೆ ದಾಟಿಸಿದರೆ, ಶ್ರಾವಣದ ಒಂದು ಸಂಜೆ ಸೊಸೆ ಓದುತ್ತಿರಲು ಅತ್ತೆ ಕೇಳುತ್ತ ಕೂರಬಹುದು. ಅನಂತರದ ಸಭೆಯಲ್ಲಿ, ‘ಈ ಮಾತನ್ನು ಇವಳ ಬಾಯಲ್ಲಿ ಏಕೆ ಆಡಿಸಿದಿರಿ?’ ಎಂದು ಆ ಅತ್ತೆಯೇ ಎದ್ದು ನಿಂತು ಕೇಳಿದರೆ, ಯಾವ ನಾಟಕಕಾರರು ತಾನೆ ಹಾರ ಶಾಲುಗಳನ್ನು ನೆನೆದಾರು!